ನಿಷತ ಬಿಟ್ಟುಹೋದ ಹಾಳೆಗಳು

೧೪ ಜುಲೈ, ಸೋಮವಾರ, ಇಂಡಿ

ಆ ಹುಡುಗಿಯ ಮುಖ ಕಣ್ಣಮುಂದಿಂದ ಹೋಗುತ್ತಿಲ್ಲ. ನಿಷತ, ಅಗರಖೇಡದಿಂದ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದಿದ್ದಳು. ಟೀ-ಶರ್ಟುಗಳ ಮೇಲೆ ನಾನು ಬಿಡಿಸುವ ಸಿನಿಮಾ ಹೀರೋಗಳನ್ನು ನೋಡಿಯೇ ಚಿತ್ರ ಕಲಿತಳಂತೆ.

"ಅಣ್ಣಾರ, ಹೆಂಗ ಅದಾವ ಹೇಳ್ರಿ," ಎಂದು ಹಾಳೆಗಳನ್ನು ಹರಡಿದಳು.

ಮೊದಲ ಹಾಳೆಯಲ್ಲೇ ಗೊತ್ತಾಯಿತು. ಹತ್ತು ವರ್ಷ ಒದ್ದಾಡಿದರೂ ನನಗೆ ಒಲಿಯದ ಗೆರೆ ಅವಳ ಕೈಯಲ್ಲಿತ್ತು.

"ಇವೇನು ಕಣ್ಣೋ, ಕುದಿಸಿದ ತತ್ತಿಯೋ? ನಿನ್ನ ಕೈಲೆ ಆಗೂದಲ್ಲ ಇದು. ಬಿಟ್ಟಬಿಡು," ಎಂದೆ.

ಅವಳು ಅಳಲಿಲ್ಲ. "ಹೌದ್ರಿ ಅಣ್ಣಾರ," ಎಂದವಳೇ ಹಾಳೆಗಳನ್ನು ಮೇಜಿನ ಮೇಲೆಯೇ ಬಿಟ್ಟು ಹೋದಳು.

ಅದರಲ್ಲೊಂದಕ್ಕೆ ನನ್ನ ಸಹಿ ಹಾಕಿ, ಫೋಟೊ ತೆಗೆದು, ಈಗಷ್ಟೇ ನನ್ನ ಪೇಜಿಗೆ ಹಾಕಿದೆ. ಗೆಳೆಯ ತೌಸಿಫ ಕೂಡಲೇ ಬರೆದ: "ಇಷ್ಟ ದಿನಕ್ಕ ನಿನ್ನ ಕೈಯಾಗ ಜೀವ ಬಂತು ನೋಡಪಾ!"

ಅವನಿಗೆ ಥ್ಯಾಂಕ್ಸ್ ಹೇಳಿದೆ. ಉಳಿದ ಹಾಳೆಗಳನ್ನು ಎಣಿಸಿದೆ. ಇನ್ನೂ ಹನ್ನೊಂದು ಇವೆ.