ನಾಲ್ಕನೆಯ ಕಾರಣ

ವಾನ್, ಮಂಗಳವಾರ

ಸದಾಶಿವ ಭಟ್ಟರಿಗೆ ನಮಸ್ಕಾರ.

ಮೊನ್ನೆ ಊಟಕ್ಕೆ ಬಂದ ನೀವು "ಪುರೋಹಿತನಿಗೆ ಸಂಸಾರವೇ ಶೋಭೆ" ಎಂದು ಶುರುಮಾಡಿ, ನನ್ನನ್ನು ಮದುವೆಯಾಗಲು ಮೂರು ಕಾರಣಗಳನ್ನು ಚೀಟಿ ನೋಡಿ ಓದಿದಾಗ ನಕ್ಕುಬಿಟ್ಟೆ. ಕ್ಷಮಿಸಿ. ನಾನು ಕ್ಲಾಸಿಗಾಗಿ ಓದುತ್ತಿರುವ ಹಳೆಯ ಇಂಗ್ಲಿಷ್ ಕಾದಂಬರಿಯಲ್ಲಿ ಒಬ್ಬ ಪಾದ್ರಿಯೂ ಹೀಗೆಯೇ ಕಾರಣ ಎಣಿಸಿ ಹೆಣ್ಣು ಕೇಳುತ್ತಾನೆ. ನೀವು "ಪರವಾಗಿಲ್ಲ ಮೇಡಂ, ಸಾರು ಚೆನ್ನಾಗಿತ್ತು" ಎಂದು ಎದ್ದು ಹೋದಿರಿ.

ಚೀಟಿ ಇಲ್ಲೇ ಉಳಿಯಿತು. ಅದರ ಹಿಂದೆ ನ್ಯೂಮಾರ್ಕೆಟ್ ಊರಿನ ಗೃಹಪ್ರವೇಶದ ಸಾಮಾನಿನ ಪಟ್ಟಿಯಿದೆ; ಭಾನುವಾರಕ್ಕೆ ಬೇಕಾದೀತೆಂದು ನಕಲು ಮಾಡಿ ಕಳಿಸಿದ್ದೇನೆ. ಚೀಟಿ ಮಾತ್ರ ಕೊಡಲಾರೆ. ನೀವು ಬರೆದು ಹೊಡೆದುಹಾಕಿದ ನಾಲ್ಕನೆಯ ಕಾರಣ ಅದರಲ್ಲಿದೆ: "ಇವರು ನಕ್ಕ ದಿನ ನನ್ನ ಮನೆ ಖಾಲಿ ಅನ್ನಿಸುವುದಿಲ್ಲ."

ಭಾನುವಾರ ಪೂಜೆ ಮುಗಿಸಿ ಕಾಫಿಗೆ ಬನ್ನಿ. ಈ ಸಲ ನಾಲ್ಕನೆಯದರಿಂದ ಓದಿ.

ಇತಿ,
ಕೋಕಿಲಾ