ಎಲ್ಫಿನ ಎರಡು ಕಿವಿ

ಮಂಗಳವಾರ, ಮಧ್ಯಾಹ್ನ

ನನ್ನ ಕಡ್ಡಿಗೆ ಅಮ್ಮನ ಮುತ್ತುಗಳು.

ನೀನೀಗ ಕಡ್ಡಿಯ ಹಾಗಿಲ್ಲ, ಇಪ್ಪತ್ತು ತುಂಬಿದ ಹುಡುಗಿ. ಆದರೂ ನನ್ನ ಪೆನ್ನಿಗೆ ಬೇರೆ ಹೆಸರು ಬರುವುದಿಲ್ಲ, ಬೈಯಬೇಡ.

ನಾನು ಊರಿಗೆ ಮರಳಿ ಎರಡು ತಿಂಗಳಾದರೂ ನೀನು ನನ್ನನ್ನು ನೀನಿರುವ ಚಿಕ್ಕಮ್ಮನ ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಕೊನೆಗೆ, "ಭಾನುವಾರ ನಮ್ಮ ಆಟಕ್ಕೆ ಬಂದು ಕೂತ್ಕೋ, ಬೇರೆ ಮಾತು ಬೇಡ" ಎಂದು ನೀನು ಹೇಳಿದಾಗ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಬಂದೆ. ನಿಮ್ಮ ಆಟದ ಆ ಮೇಜೊಂದೇ ನಾನು ನಿನ್ನ ಮುಖ ನೋಡಬಹುದಾದ ಜಾಗ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆ ಆಟದಲ್ಲಿ ಎಲ್ಫ್ ಆಗು ಎಂದು ನೀನೇ ಹೇಳಿದ್ದು. ಕಾಡಿನ ಜನ, ಉದ್ದ ಕಿವಿ, ನೂರಾರು ವರ್ಷದ ಆಯಸ್ಸು. ಹುಟ್ಟಿನಿಂದ ಬಂದ ಗುಣವೊಂದನ್ನು ಬಿಟ್ಟುಕೊಟ್ಟರೆ ಆಟದ ನಿಯಮದ ಪುಸ್ತಕದಲ್ಲಿರುವ ಬದಲಿ ಗುಣವೊಂದನ್ನು ಆ ಜಾಗಕ್ಕೆ ತರಬಹುದು. ಮೂರು ದಿನ ಕೂತು ಆರಿಸಿದೆ. ಮರಗಳ ಜೊತೆ ಮಾತಾಡುವುದು ಒಂದು, ದೂರದಲ್ಲಿರುವವರ ಕನಸಿಗೆ ಹೋಗಿ ಬರುವುದು ಇನ್ನೊಂದು. ಎರಡರ ಕೆಳಗೂ 'ಚುರುಕು ಕಿವಿಯ ಬದಲಿಗೆ' ಎಂದೇ ಇತ್ತು. ಎಲ್ಫಿಗೆ ಕಿವಿ ಎರಡಿವೆಯಲ್ಲ, ಒಂದೊಂದಕ್ಕೆ ಒಂದೊಂದು ಎಂದುಕೊಂಡು ನನ್ನ ಪಾತ್ರದ ಹಾಳೆಯಲ್ಲಿ ಎರಡನ್ನೂ ಬರೆದುಬಿಟ್ಟೆ.

ನೀನು ಹಾಳೆ ನೋಡಿ ಗೆಳೆಯರೆದುರಿಗೇ ಹೇಳಿದೆ: "ಒಂದೇ ಗುಣನ ಎರಡು ಸಲ ಬಿಟ್ಟುಕೊಡೋಕಾಗಲ್ಲಮ್ಮ. ನಿನಗೆ ಯಾವಾಗ್ಲೂ ಎರಡೂ ಬೇಕು." ಆ ಗಡ್ಡದ ಹುಡುಗ ನಕ್ಕ. ಆಮೇಲೆ ನಿನ್ನ ಮುಖ ನೋಡಿ ನಗು ನುಂಗಿಕೊಂಡ. ನೀನು ಆಡಿದ್ದು ಆಟದ ಮಾತಲ್ಲ ಎಂದು ಅವನಿಗೂ ಗೊತ್ತಾಯಿತು.

ನಿಜ, ಕಡ್ಡಿ. ದೂರದ ಮಗ್ಗದ ಕಾರ್ಖಾನೆಯ ಕೆಲಸವೂ ಬೇಕು, ನೀನೂ ಬೇಕು ಎಂದು ಹೊರಟವಳು ನಾನು. ಒಂದು ವರ್ಷ ಅಂದಿದ್ದೆ, ಏಳು ವರ್ಷವಾಯಿತು. ಒಂದು ಅಂಗಿಯ ಬಟ್ಟೆಯಲ್ಲಿ ಎರಡು ಕತ್ತರಿಸಲು ಹೋದೆ. ಎರಡಕ್ಕೂ ತೋಳಿಗೆ ಸಾಲಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನೀನು ಬೆನ್ನ ಹಿಂದಿನಿಂದ ಏನೋ ಅಂದೆ. ನಾನು ತಿರುಗಲಿಲ್ಲ. ಸಿಟ್ಟೆಂದು ತಿಳಿಯಬೇಡ.

ಹೊಸ ಹಾಳೆ ಇದರ ಜೊತೆಗಿದೆ. ಚುರುಕು ಕಿವಿ ಬಿಟ್ಟು, ಕನಸಿಗೆ ಹೋಗುವುದನ್ನು ಇಟ್ಟುಕೊಂಡೆ. ಮರಗಳ ಮಾತನ್ನು ಹೊಡೆದು ಹಾಕಿದ್ದೇನೆ. ನಿದ್ದೆಯ ಮಂತ್ರ ತಾಗದ ಗುಣ ಎಲ್ಫಿಗಿದೆಯಲ್ಲ, ಅದನ್ನೂ ಬಿಟ್ಟು, ಗಾಯ ಹೊಲಿಯುವ ಕೈ ತಂದುಕೊಂಡೆ. ಇವೆರಡು ಬೇರೆ ಬೇರೆ ಗುಣಗಳ ಜಾಗಕ್ಕೆ ಬರುವುದರಿಂದ ಜೊತೆಗಿರಬಹುದು. ಆ ಪುಟವನ್ನು ಮೂರು ಸಲ ಓದಿದ್ದೇನೆ. ತಪ್ಪಿದ್ದರೆ ಮತ್ತೆ ಬರೆಯುತ್ತೇನೆ.

ನಿನ್ನ
ಅಮ್ಮ

ಹೇಳದೆ ಲಕೋಟೆ ಅಂಟಿಸಬೇಕೆಂದಿದ್ದೆ, ಆಗಲಿಲ್ಲ: ಮಗ್ಗಗಳ ಸದ್ದಿಗೆ ನನ್ನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ನಾಲ್ಕು ವರ್ಷದ ಹಿಂದೆ ನೀನು ಕಾರ್ಖಾನೆಗೆ ಫೋನ್ ಮಾಡಿದಾಗ ನನಗೆ ಕೇಳಿಸಿದ್ದು "ಅಮ್ಮ, ನೀನು ಬರ್ಬೇಡ" ಎಂದು. ಅದಕ್ಕೇ ಬರಲಿಲ್ಲ. ನೀನು ಅಂದದ್ದು "ಬರ್ಬೇಕು" ಎಂದು ನಿನ್ನೆ ಚಿಕ್ಕಮ್ಮ ಹೇಳಿದಳು. ಭಾನುವಾರ ಬಾಗಿಲಲ್ಲೂ ನೀನು ಆ ಎರಡರಲ್ಲೊಂದನ್ನು ಅಂದಂತೆ ಇತ್ತು. ಯಾವುದೆಂದು ಹಾಳೆಯ ಹಿಂದೆ ಬರೆದು ಕಳಿಸು.