ಬಾವಿಗೆ ಬಿದ್ದ ಬಿಂದಿಗೆ

ಪದ್ಮನಾಭನಗರ, ಬೆಂಗಳೂರು
18 ಜನವರಿ 2026, ಭಾನುವಾರ
ಬೆಳಗಿನ ಜಾವ ಮೂರು ಇಪ್ಪತ್ತು

ನನ್ನ ಹಠಮಾರಿ ಅಮ್ಮನಿಗೆ,

ಈಗಷ್ಟೇ ಎಚ್ಚರವಾಯಿತು. ಖಾಲಿ ಬಿಂದಿಗೆಯ ತಳಕ್ಕೆ ನಲ್ಲಿಯ ಮೊದಲ ಹನಿಗಳು ಬಿದ್ದ ಸದ್ದು. ಟಣ್, ಟಣ್ ಎಂದು ಶುರುವಾಗಿ ಆಮೇಲೆ ಒಂದೇ ಸಮನೆ ಸುರಿಯತೊಡಗಿತು. ನೀನು ಮಾಡುತ್ತಿದ್ದ ಹಾಗೆಯೇ ರಾತ್ರಿ ನಲ್ಲಿ ತಿರುಗಿಸಿ, ಕೆಳಗೆ ಬಿಂದಿಗೆ ಇಟ್ಟು ಮಲಗಿದ್ದೆ, ಕಾವೇರಿ ನೀರು ಬಂದ ಕೂಡಲೇ ಗೊತ್ತಾಗಲಿ ಎಂದು. ಯಾವ ಬಿಂದಿಗೆ ಎಂದು ಈಗಲೇ ಕೇಳಬೇಡ, ಹೇಳುತ್ತೇನೆ. ಎಚ್ಚರವಾಯಿತು ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಒಂದು ಗಂಟೆಯೂ ಕಣ್ಣು ಮುಚ್ಚಿರಲಿಕ್ಕಿಲ್ಲ.

ಮೊದಲು ನಿನ್ನ ಆರೋಗ್ಯ ಹೇಳು. ಮಂಡಿನೋವು ಹೇಗಿದೆ? ಹಬ್ಬದ ದಿನ ಚಲುವರಾಜು ಮಾವನ ಕೈಗೆ ಕೊಟ್ಟು ಬಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ, ಇಲ್ಲ ಅದರ ಮೇಲೂ ಕೋಪವಾ? ತಮ್ಮನ ಮನೆ ಎಂದು ಸಂಕೋಚಪಟ್ಟು ನೆಲದ ಮೇಲೆ ಮಲಗಬೇಡ, ಚಳಿ ಏರುತ್ತದೆ. ಇಲ್ಲಿ ಇಂಚರಳ ಮುಂದಿನ ಹಲ್ಲು ಬಿದ್ದಿದೆ. ಅಜ್ಜಿಗೆ ತೋರಿಸಿಯೇ ಎಸೆಯುವುದೆಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು, ಯಾರು ಬಂದರೂ ತೆಗೆದು ತೋರಿಸುತ್ತಿದ್ದಾಳೆ. ರಾತ್ರಿ ಎರಡು ಸಲ ಎದ್ದು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಏಳು ವರ್ಷದ ಮಗುವಿಗೆ ಈಗಲೂ ಹೀಗೆ ಮಾಡುವ ತಾಯಿ ಈ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ನೀನಿದ್ದಿದ್ದರೆ "ಮಲಗೇ ಸುಮ್ನೆ, ಮಗೀನ ನಿದ್ದೇನೂ ಕೆಡಿಸ್ತೀಯ" ಎಂದು ಗದರುತ್ತಿದ್ದೆ. ಆ ಗದರಿಕೆ ಇಲ್ಲದೆ ಮನೆ ಒಂಥರಾ ಆಗಿದೆ. ಅಕ್ಷರ ಸೊಟ್ಟಗಿದ್ದರೆ ಕಣ್ಣೀರು ಎಂದುಕೊಳ್ಳಬೇಡ, ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಅದಕ್ಕೂ ಕಾರಣ ಹೇಳುತ್ತೇನೆ.

ಏಳು ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ. ಎಳ್ಳುಬೆಲ್ಲ ಹಿಡಿದುಕೊಂಡು ಅಂಜನಾಪುರಕ್ಕೆ ಬಂದರೆ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮಾವ ಬಾಗಿಲಲ್ಲೇ ನಿಂತು "ನಿಮ್ಮಿಬ್ಬರ ಮಧ್ಯೆ ನಾನೇನು ಪೋಸ್ಟ್‌ಮ್ಯಾನಾ?" ಎಂದರು. ಅದಕ್ಕೇ ಕಾಗದ. ಇದನ್ನು ನೀನು ಕಟ್ ಮಾಡಲು ಆಗುವುದಿಲ್ಲ. ನಿನ್ನ ಅಳಿಯ ಮಹೇಶ್ ಐದು ಗಂಟೆಗೆ ಡ್ಯೂಟಿಗೆ ಹೊರಡುತ್ತಾರೆ, ದಾರಿ ಬಳಸಾದರೂ ಅಂಜನಾಪುರದ ಮೇಲೆ ಹೋಗಿ ನಿನ್ನ ಕೈಗೇ ಕೊಡುತ್ತಾರೆ. ಅಷ್ಟು ಹೊತ್ತಿಗೆ ನೀನು ಮಾವನ ಅಂಗಳ ಗುಡಿಸುತ್ತಿರುತ್ತೀಯ ಎಂದು ನನಗೆ ಗೊತ್ತು.

ಕಳೆದ ಭಾನುವಾರದ ಮಾತಿಗೆ ಬರುತ್ತೇನೆ. ಕನಕಪುರ ರಸ್ತೆಯಾಚೆಯ ಆ ನೇಗಿಲಮನೆ ಮ್ಯೂಸಿಯಂನಲ್ಲಿ ಸಂಕ್ರಾಂತಿಗೆಂದು ಎರಡು ಭಾನುವಾರ ಕುಟುಂಬದ ದಿನ ಇಟ್ಟಿದ್ದಾರೆ ಎಂದು ಇಂಚರಳ ಸ್ಕೂಲಿನ ತಾಯಂದಿರ ಗುಂಪಿನಲ್ಲಿ ಬಂತು. ಮಕ್ಕಳು ರಾಗಿ ಬೀಸುವುದು, ಹಗ್ಗ ಹೊಸೆಯುವುದು, ಮಡಕೆಗೆ ಬಣ್ಣ ಹಚ್ಚುವುದು, ಪ್ರತಿಯೊಂದಕ್ಕೂ ಒಬ್ಬ ಅಜ್ಜಿ ಅಥವಾ ತಾತ. ಫಾರಂನಲ್ಲಿ "ಹಿರಿಯರಿಗೆ ಗೊತ್ತಿರುವ ಹಳ್ಳಿ ಕೆಲಸ" ಎಂಬ ಜಾಗ ಇತ್ತು. ಯೋಚಿಸಲೇ ಇಲ್ಲಮ್ಮ. "ಅಣ್ಣಮ್ಮ, ಬಾವಿಯಿಂದ ನೀರು ಸೇದುವುದನ್ನು ಕಲಿಸುತ್ತಾರೆ" ಎಂದು ಬರೆದುಬಿಟ್ಟೆ. ಹಳ್ಳಿಯಲ್ಲಿ ಹುಟ್ಟಿದವಳು, ನನ್ನ ಚಿಕ್ಕಂದಿನಲ್ಲಿ ಬೀದಿ ನಲ್ಲಿಯಿಂದ ತಲೆಯ ಮೇಲೊಂದು ಸೊಂಟದಲ್ಲೊಂದು ಹೊತ್ತು ತರುತ್ತಿದ್ದವಳು, ಬಾವಿ ಗೊತ್ತಿರದೆ ಇರುತ್ತದಾ ಎಂದುಕೊಂಡೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಬಿ.ಕಾಂ. ಓದಿದ ಮಗಳು ನಿನ್ನ ಬದುಕನ್ನು ಒಂದು ಗೆರೆಯಲ್ಲಿ ತುಂಬಿಸಿ ಕಳಿಸಿದಳು.

ನೀನಾದರೂ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಶನಿವಾರ ಸಂಜೆ ಅಟ್ಟದಿಂದ ನಿನ್ನ ಮದುವೆಯ ಹಿತ್ತಾಳೆ ಬಿಂದಿಗೆ ಇಳಿಸಿ, ಹುಣಸೆಹಣ್ಣು ಹಚ್ಚಿ, ಮುಖ ಕಾಣುವ ಹಾಗೆ ಬೆಳಗಿದೆ. ಯಾಕಮ್ಮ ಇಷ್ಟೊಂದು ಎಂದರೆ "ಬಾವಿಗೆ ಕೊಳೆ ಬಿಂದಿಗೆ ಇಳಿಸ್ತಾರೇನೇ" ಎಂದೆ. ಮಾರನೆಯ ದಿನ ನಲವತ್ತು ಮಕ್ಕಳು ಸುತ್ತ ನಿಂತಿದ್ದರು. ಮೈಕ್ ಹಿಡಿದ ಆ ನಂದಕುಮಾರ್ "ಹಳ್ಳಿಯ ಎಲ್ಲಾ ಹೆಂಗಸರೂ ಬೆಳಗಾದ್ರೆ ಇಲ್ಲೇ ಸೇರೋರು ಮಕ್ಕಳೇ, ಬಾವಿಕಟ್ಟೆ ಅಂದ್ರೆ ಅವರ ವಾಟ್ಸಾಪ್ ಗ್ರೂಪ್!" ಎಂದು ನಗಿಸಿ, "ಬನ್ನಿ ಅಜ್ಜಿ" ಎಂದು ಹಗ್ಗ ನಿನ್ನ ಕೈಗಿಟ್ಟರು. ನೀನು ಬಿಂದಿಗೆಯ ಕೊರಳಿಗೆ ಸೀರೆ ಗಂಟು ಹಾಕುವ ಹಾಗೆ ಸುಮ್ಮನೆ ಎರಡು ಸುತ್ತು ಸುತ್ತಿದೆ. ರಾಟೆ ಕಿರ್ ಎಂದಿತು. ಅರ್ಧ ಇಳಿಯುವ ಮೊದಲೇ ಗಂಟು ಬಿಚ್ಚಿ, ಬರಿ ಹಗ್ಗ ಮೇಲೆ ಹಾರಿತು. ಕೆಳಗಿನಿಂದ ಸದ್ದು ಬರಲು ಎಷ್ಟೋ ಹೊತ್ತು ಹಿಡಿಯಿತು ಅನ್ನಿಸಿತು. "ಅಜ್ಜಿಗೆ ನಲ್ಲಿ ನೀರು ಅಭ್ಯಾಸ ಆಗೋಗಿದೆ, ಪಕ್ಕಾ ಸಿಟಿ ಅಜ್ಜಿ!" ಎಂದರು ಅವರು. ಎಲ್ಲರೂ ನಕ್ಕರು.

ನಾನೂ ನಕ್ಕೆ. ನೀನು ತಿರುಗಿ ನೋಡಿದ್ದು ಆ ಕ್ಷಣಕ್ಕೇ. ನಂದಕುಮಾರ್ ಅವರನ್ನಲ್ಲ, ನನ್ನನ್ನು. ಸೆರಗಿಗೆ ಕೈ ಒರೆಸಿಕೊಂಡು ಗೇಟು ದಾಟಿ ಹೋದವಳು ನಮ್ಮ ಮನೆಗೆ ಬರಲಿಲ್ಲ.

ಹಬ್ಬದ ದಿನ ಮಾವ ಜಗುಲಿಯಲ್ಲಿ ಕೂರಿಸಿಕೊಂಡು ಹೇಳಿದರು. "ನಿಮ್ಮವ್ವ ಬಾವಿ ಹಗ್ಗ ಹಿಡಿದೋಳೇ ಅಲ್ಲ ಕಣವ್ವ. ಹಿಡಿಯಕ್ಕೆ ಬಿಟ್ಟಿದ್ರೆ ತಾನೇ? ನಮ್ಮ ಕೇರಿಯೋರು ಬಾವಿಕಟ್ಟೆ ಮುಟ್ಟಂಗಿರ್ಲಿಲ್ಲ." ಬಿಂದಿಗೆಯನ್ನು ಕಟ್ಟೆಯಿಂದ ಹತ್ತು ಹೆಜ್ಜೆ ಆಚೆ ಇಟ್ಟು, ಹುಣಸೆಮರದ ಕೆಳಗೆ ಸರಿದು ನಿಲ್ಲಬೇಕಿತ್ತಂತೆ. ಊರಿನವರು ಯಾರಾದರೂ ಸೇದಿ, ಮೇಲಿನಿಂದ ಹುಯ್ಯುವವರೆಗೆ. ಎಂಟು ವರ್ಷದ ಅಣ್ಣಮ್ಮ "ಒಂದ್ ಬಿಂದ್ಗೆ ನೀರ್ ಹಾಕ್ರವ್ವಾ" ಎಂದು ಕೂಗಿ ಕೂಗಿ, ಸ್ಕೂಲಿನ ಗಂಟೆ ಹೊಡೆದ ಮೇಲೂ ಅಲ್ಲೇ ನಿಂತಿರುತ್ತಿದ್ದಳಂತೆ. ಮೂವತ್ತೆರಡು ವರ್ಷ ನಿನ್ನ ಮಗಳಾಗಿದ್ದೇನೆ, ಇದನ್ನು ಮಾವನ ಬಾಯಲ್ಲಿ ಕೇಳಬೇಕಾಯಿತು.

ಆಮೇಲೆ ಒಂದೊಂದೇ ಹೊಳೆಯಿತು. ಸಂಪು, ಟ್ಯಾಂಕು, ಬೋರ್‌ವೆಲ್ ಎಲ್ಲಾ ಇದ್ದರೂ ನೀನು ನಡುರಾತ್ರಿ ಎದ್ದು ನಲ್ಲಿಯ ಮುಂದೆ ಕೂರುತ್ತಿದ್ದದ್ದು. ಗಾರ್ಮೆಂಟ್ಸ್‌ನಿಂದ ಸುಸ್ತಾಗಿ ಬಂದರೂ, ನಮ್ಮ ಮನೆಯ ಮುಂದೆ ಯಾರು ನಿಂತು ನೀರು ಕೇಳಿದರೂ ಒಳಗೆ ಕರೆದು, ಅವರ ಕೈಗೇ ಚೊಂಬು ಕೊಡುತ್ತಿದ್ದದ್ದು. ಎತ್ತಿ ಹುಯ್ದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಬಿಂದಿಗೆ ಬೆಳಗಿದ್ದು ಯಾಕೆ ಎಂದೂ ಹೊಳೆಯಿತು. ನಿನಗೆ ಆಸೆ ಇತ್ತು, ಅಲ್ಲವಾ ಅಮ್ಮ? ಅರವತ್ತೆರಡನೇ ವಯಸ್ಸಿನಲ್ಲಾದರೂ ಒಂದು ಸಲ ಆ ಹಗ್ಗ ಹಿಡಿಯಬೇಕು ಎಂದು. ಹೇಗೆ ಕಟ್ಟುವುದೆಂದು ಯಾರನ್ನೂ ಕೇಳಲಾರದೆ, ಬರುತ್ತದೆ ಬಿಡು ಎಂದುಕೊಂಡು ಬಂದೆ.

ಶುಕ್ರವಾರ ಮ್ಯೂಸಿಯಂನ ಸರಸ್ವತಿ ಮೇಡಂ ಫೋನ್ ಮಾಡಿದ್ದರು. ಇದನ್ನೆಲ್ಲ ನಡೆಸುವವರು ಅವರೇ, ಕೆಟ್ಟವರಲ್ಲ. "ಅಮ್ಮನಿಗೆ ಸುಮ್ನೆ ಮುಜುಗರ ಆಯ್ತು, ಸಾರಿ ಮೇಡಂ. ಈ ಸಂಡೇ ನಿಮ್ಮ ಫ್ಯಾಮಿಲಿಗೆ ಚೌಕಾಬಾರ ಕೊಟ್ಟಿದೀನಿ. ನೆರಳಲ್ಲಿ ಕೂತು ಮಕ್ಕಳಿಗೆ ಆಡ್ಸೋದು, ಈಸಿ" ಎಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, ನಿನಗೆ ಯಾಕೆ ಸೇದಲು ಬರಲಿಲ್ಲ ಎಂಬುದನ್ನು ಎರಡೇ ಮಾತಿನಲ್ಲಿ ಹೇಳಿದೆ. "ನಂಗೆ ಅರ್ಥ ಆಗುತ್ತೆ. ಆದ್ರೆ ಮಕ್ಕಳು ಖುಷಿಯಾಗಿ ಬರೋ ಜಾಗ ಇದು. ಅಂಥದ್ದೆಲ್ಲ ಇಲ್ಲಿ ಯಾಕೆ?" ಎಂದರು. "ಆಗ ನಮ್ಮಮ್ಮನೂ ಮಗುವೇ ಆಗಿದ್ರು ಮೇಡಂ" ಎಂದೆ. ಬಾವಿಯ ಪಕ್ಕ ಬೋರ್ಡ್ ಹಾಕಿದ್ದಾರಲ್ಲ, "ಊರಿನ ಹೆಂಗಸರೆಲ್ಲರೂ ಕೂಡುತ್ತಿದ್ದ ತಾಣ" ಎಂದು, ಒಂದೋ ಅದನ್ನು ಇಳಿಸಿ, ಇಲ್ಲವೇ ನಮ್ಮಮ್ಮ ನಿಂತಿದ್ದ ಜಾಗಕ್ಕೂ ಒಂದು ಬೋರ್ಡ್ ಹಾಕಿ ಎಂದೆ. ಹೇಳಿದ್ದಂತೂ ಹೇಳಿದೆ.

ಒಂದು ಗಂಟೆಯಾದ ಮೇಲೆ ಅವರೇ ಮತ್ತೆ ಮಾಡಿದರು. "ಅಮ್ಮ ಬಂದು ಅವರೇ ಹೇಳೋದಾದ್ರೆ ನಾನು ತಡೆಯಲ್ಲ. ಅವರು ಬರದೆ ನೀವು ಅವರ ಕಥೆ ಹೇಳೋದು ಸರಿ ಕಾಣಲ್ಲ. ಸಂಡೇ ಬೆಳಿಗ್ಗೆ ಏಳಕ್ಕೆ ಲಿಸ್ಟ್ ಫೈನಲ್ ಮಾಡ್ತೀನಿ" ಎಂದರು. ಯೋಚಿಸಿದರೆ ಅವರು ಹೇಳಿದ್ದೂ ನ್ಯಾಯವೇ.

ಈಗ ಬಿಂದಿಗೆ. ನಿನ್ನೆ ಅರ್ಧ ದಿನ ರಜೆ ಹಾಕಿ ಇಂಚರಳನ್ನು ಕರೆದುಕೊಂಡು ಮ್ಯೂಸಿಯಂಗೆ ಹೋಗಿದ್ದೆ. ಆಳು ಇಳಿಸಿ ತೆಗೆಸುತ್ತೇವೆ ಎಂದು ಅವರು ಹೇಳಿದ್ದರು, ನಾನು ಒಪ್ಪಿರಲಿಲ್ಲ. ಅಲ್ಲಿನ ತೋಟದ ಚನ್ನವೀರಣ್ಣ ಪಾತಾಳಗರಡಿ ತಂದುಕೊಟ್ಟರು. ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು ಅದು, ಹಗ್ಗಕ್ಕೆ ಕಟ್ಟಿ ಬಾವಿಯ ತಳ ತಡಕುವುದಕ್ಕೆ. ಒಂದೂವರೆ ಗಂಟೆ ತಡಕಿದೆ. ಒಂದು ಪ್ಲಾಸ್ಟಿಕ್ ಮಗ್ಗು ಬಂತು, ಯಾರದೋ ಚಪ್ಪಲಿ ಬಂತು, ಇಂಚರ ಬಿದ್ದು ಬಿದ್ದು ನಕ್ಕಳು. ಕೊನೆಗೆ ಹಗ್ಗ ಭಾರವಾಯಿತು. ಕಟ್ಟೆಯ ಮೇಲೆ ಬಂದು ಕೂತಿತು ನಿನ್ನ ಬಿಂದಿಗೆ, ಹೊಟ್ಟೆಯಲ್ಲಿ ಒಂದು ತಗ್ಗು ಬಿದ್ದಿದೆ, ಬಾಯಿ ತುಂಬ ಪಾಚಿ. ಸೋರುವುದಿಲ್ಲ. ಈಗ ನಲ್ಲಿಯ ಕೆಳಗೆ ತುಂಬಿ ಹೊರಗೆ ಚೆಲ್ಲುತ್ತಿರುವುದು ಅದೇ. ತಾಳು, ನಲ್ಲಿ ನಿಲ್ಲಿಸಿ ಬರುತ್ತೇನೆ.

ಚನ್ನವೀರಣ್ಣ ಕುಣಿಕೆ ಹಾಕುವುದನ್ನೂ ಹೇಳಿಕೊಟ್ಟರು. "ಸುಮ್ನೆ ಸುತ್ತಿದ್ರೆ ನಿಲ್ಲಲ್ಲ ಅಕ್ಕ. ಎಳೆದಷ್ಟೂ ಬಿಗಿ ಆಗ್ಬೇಕು, ಹಂಗೆ ಹಾಕಿ" ಎಂದರು. ನನಗೆ ಆರನೇ ಸಲಕ್ಕೆ ಬಂತು. ನಿನ್ನ ಮೊಮ್ಮಗಳಿಗೆ ಎರಡನೇ ಸಲಕ್ಕೇ ಬಂತು. ಮನೆಗೆ ಬಂದು ಚೊಂಬು, ಫ್ಲಾಸ್ಕು, ಬಾಗಿಲ ಚಿಲಕ, ಮಹೇಶ್ ಕಾಲಿನ ಹೆಬ್ಬೆರಳು, ಎಲ್ಲಕ್ಕೂ ಕುಣಿಕೆ ಹಾಕಿದ್ದಾಳೆ. ನಾನು ಎಂಟು ಬಿಂದಿಗೆ ಸೇದಿದೆ. ಬೊಬ್ಬೆ ಬಂದದ್ದು ಹೀಗೆ.

ಮಹೇಶ್ "ಗಲಾಟೆ ಯಾಕೆ ಶಾಂತಲಾ, ಮಗು ಸ್ಕೂಲಿನೋರೆಲ್ಲ ಇರ್ತಾರೆ" ಎನ್ನುತ್ತಾರೆ. ಅದು ನನಗೆ ಗೊತ್ತಿಲ್ಲವಾ? ನಾಳೆ ಸ್ಕೂಲ್ ವ್ಯಾನಿನಲ್ಲಿ ಅವಳ ಪಕ್ಕ ಯಾರು ಕೂರುತ್ತಾರೆ, ಟಿಫನ್ ಡಬ್ಬಿ ಯಾರು ಹಂಚಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕುತ್ತಲೇ ರಾತ್ರಿ ಕಳೆದಿದ್ದೇನೆ. ಗೇಟಿನ ಹತ್ತಿರ ತಾಯಂದಿರು "ನಿಮ್ದು ಯಾವ ಕಡೆ? ನಿಮ್ಮಲ್ಲಿ ಹೇಗೆ ಮಾಡ್ತೀರಿ?" ಎಂದು ಕೇಳಿದಾಗ ಎರಡು ವರ್ಷದಿಂದ ಮಾತು ಹಾರಿಸಿಕೊಂಡು ಬಂದಿದ್ದೇನೆ. ನೀನು ಹೇಳದೆ ಇದ್ದದ್ದನ್ನು ನಾನು ಮುಚ್ಚಿಡುವುದು ಕಲಿತೆ. ಇನ್ನು ಇಂಚರಳೂ ಕಲಿಯುವುದು ಬೇಡ. ಭಯ ಇದೆ ಅಮ್ಮ, ಇಲ್ಲ ಎನ್ನುವುದಿಲ್ಲ. ಆದರೂ ಹೋಗುತ್ತೇನೆ. ಯಾರಾದರೂ ಮುಖ ತಿರುಗಿಸಿದರೆ ತಿರುಗಿಸಲಿ, ಕತ್ತು ಅವರದು. ತಪ್ಪು ಮಾಡಿದವರು ಬೇರೆಯವರು, ನಾಚಿಕೊಂಡು ಮಾವನ ಮನೆಯ ಕೋಣೆಯಲ್ಲಿ ಕೂರುವುದು ನೀನಾ?

ನಿನ್ನ ಮಾತು ನಿನ್ನದು. ನೀನು ಬೇಡ ಎಂದರೆ ನಾನು ಬಾಯಿ ಬಿಡುವುದಿಲ್ಲ. ಆದರೆ ಚೌಕಾಬಾರದ ಮುಂದೆಯೂ ಕೂರುವುದಿಲ್ಲ. ಹತ್ತೂವರೆಗೆ ನಿನ್ನ ಬಿಂದಿಗೆ ಹಿಡಿದು ಬಾವಿಯ ಹತ್ತಿರ ನಿಂತಿರುತ್ತೇನೆ, ಬಾಯಾರಿದ ಮಕ್ಕಳಿಗೆಲ್ಲ ಸೇದಿ ಕೊಡುತ್ತೇನೆ. ಯಾರು ತಡೆಯುತ್ತಾರೋ ತಡೆಯಲಿ.

ಇವರು ಎದ್ದರು, ಬಾತ್‌ರೂಮಿನ ಬಾಗಿಲ ಸದ್ದು ಕೇಳಿತು. ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ. ಫ್ರಿಡ್ಜಿನ ಮೇಲಿನ ಬುದ್ಧನ ಮುಂದೆ ನೀನು ಹಚ್ಚುವ ದೀಪವನ್ನು ಈ ವಾರ ಇಂಚರಳೇ ಹಚ್ಚುತ್ತಿದ್ದಾಳೆ, ಆ ಚಿಂತೆ ಬೇಡ. ಬೈಯಬೇಕೆಂದರೆ ಬಂದು ಬೈ, ನಕ್ಕದ್ದಕ್ಕೆ ಹೊಡೆದರೂ ಸರಿ. ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಮಗಳು,
ಶಾಂತಲಾ

ಮತ್ತೆ: ಮಹೇಶ್ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಸರಸ್ವತಿ ಮೇಡಂಗೆ ಕಳಿಸಲು ಹೊಸ ಫಾರಂ ತುಂಬಿ ಇಟ್ಟುಕೊಂಡಿದ್ದೇನೆ, ಇನ್ನೂ ಕಳಿಸಿಲ್ಲ. "ಅಣ್ಣಮ್ಮ, 62 ವರ್ಷ, ಬಾವಿಯಿಂದ ಮೊದಲ ಸಲ ನೀರು ಸೇದುತ್ತಾರೆ. ಕುಣಿಕೆ ಹೇಳಿಕೊಡುವವರು: ಇಂಚರ, ಎರಡನೇ ತರಗತಿ." ಹೋದ ಸಲ ನಿನ್ನನ್ನು ಕೇಳದೆ ಕಳಿಸಿದೆ. ಈ ಸಲ ಕೇಳುತ್ತಿದ್ದೇನೆ. ಏಳು ಗಂಟೆಯೊಳಗೆ ನಿನ್ನ ಒಂದು ಹೂಂ ಬೇಕು. ಮಾತಾಡಲು ಮನಸ್ಸಿಲ್ಲದಿದ್ದರೆ ಒಂದು ಮಿಸ್ಡ್ ಕಾಲ್ ಕೊಡು, ಸಾಕು, ಒಂಬತ್ತಕ್ಕೆ ಆಟೋ ತೆಗೆದುಕೊಂಡು ಬಾಗಿಲಿಗೆ ಬರುತ್ತೇನೆ. ಫೋನನ್ನು ಕೈಯಲ್ಲೇ ಹಿಡಿದು ಕೂತಿರುತ್ತೇನೆ. ಪೊರಕೆ ಆಮೇಲೆ ಹಿಡಿಯುವೆಯಂತೆ. ಬೆಳಕು ಹರಿಯುವ ಮೊದಲು ಫೋನ್ ಮಾಡಮ್ಮ, ನಿನ್ನ ದಮ್ಮಯ್ಯ.